ಗುಂಡಿನ ಲೆಕ್ಕ: ತ್ರೀ ನಾಟ್ ತ್ರೀಯಿಂದ ಎಸ್‌ಎಲ್‌ಆರ್‌ವರೆಗೆ

ಕೋಲ್ಕತ್ತಾದಿಂದ ಉತ್ತರಕ್ಕೆ, ಹೂಗ್ಲಿ ನದಿಯ ದಂಡೆಯ ಮೇಲೆ ಇಚ್ಛಾಪುರ ಎಂಬ ಊರಿದೆ. ಬ್ರಿಟಿಷರ ಬಾಯಲ್ಲಿ ಅದು ಇಶಾಪುರ್ ಆಯಿತು, ಬಂದೂಕುಗಳ ಜಗತ್ತಿನಲ್ಲಿ ಉಳಿದದ್ದೂ ಆ ಹೆಸರೇ. 1960ರ ದಶಕದಲ್ಲಿ ಅಲ್ಲಿನ ಸರ್ಕಾರಿ ರೈಫಲ್ ಕಾರ್ಖಾನೆಯಿಂದ ಎರಡು ಬಗೆಯ ರೈಫಲ್‌ಗಳು ಒಟ್ಟೊಟ್ಟಿಗೆ ಹೊರಬರುತ್ತಿದ್ದವು. ಒಂದರ ಹೆಸರು 1ಎ1. ಬೆಲ್ಜಿಯಂನ ವಿನ್ಯಾಸವನ್ನು ಆಧರಿಸಿದ ಅರೆ ಸ್ವಯಂಚಾಲಿತ ರೈಫಲ್ ಅದು. ನಮ್ಮ ಪೊಲೀಸರು, ಸೈನಿಕರು ಇವತ್ತಿಗೂ ಎಸ್‌ಎಲ್‌ಆರ್ ಎಂದು ಕರೆಯುವುದು ಅದನ್ನೇ. ಇನ್ನೊಂದು 2ಎ. ಹೆಸರಿನಲ್ಲಿ ಒಂದರ ಮುಂದಿನ ಅಂಕಿ ಇದ್ದರೂ ಅದು ಹೊಸತಲ್ಲ, ಮೊದಲನೆಯ ಮಹಾಯುದ್ಧಕ್ಕೂ ಮುಂಚಿನ ಲೀ-ಎನ್‌ಫೀಲ್ಡ್ ಎಂಬ ಹಳೆಯ ರೈಫಲ್ಲು. ಹೊಸ ಗುಂಡು ಹಾರಿಸುವುದಕ್ಕೆ ಬೇಕಾದಷ್ಟು ಮಾತ್ರ ಬದಲಾದದ್ದು. ಎರಡರಲ್ಲೂ ಹಾರುತ್ತಿದ್ದುದು ಒಂದೇ 7.62 ಮಿಲಿಮೀಟರಿನ ಗುಂಡು.

ಇನ್ನೊಂದು ಸಣ್ಣ ವಿವರ ನನಗೆ ಬಹಳ ಇಷ್ಟ. ಬ್ರಿಟಿಷರ ಎಸ್‌ಎಲ್‌ಆರ್‌ಗೂ ನಮ್ಮ ಎಸ್‌ಎಲ್‌ಆರ್‌ಗೂ ಇರುವ ವ್ಯತ್ಯಾಸಗಳಲ್ಲಿ ಒಂದು ಅದರ ಬುಡದಲ್ಲಿದೆ. ಹೆಗಲಿಗೆ ಆನಿಸುವ ಮರದ ಬಟ್‌ನ ತುದಿಗೆ ಒಂದು ಲೋಹದ ಫಲಕ, ಅದರಲ್ಲೊಂದು ಪುಟ್ಟ ಬಾಗಿಲು, ಬಾಗಿಲೊಳಗೆ ಎಣ್ಣೆಯ ಸೀಸೆ ಮತ್ತು ನಳಿಗೆ ಒರೆಸುವ ದಾರ. ಈ ಫಲಕ ಬೆಲ್ಜಿಯಂನದ್ದಲ್ಲ, ಲೀ-ಎನ್‌ಫೀಲ್ಡಿನದು. ಹಳೆಯ ಬಂದೂಕಿನ ಬುಡವನ್ನೇ ತಂದು ಹೊಸ ಬಂದೂಕಿಗೆ ಕೂಡಿಸಿದ್ದಾರೆ. ಯಾರೂ ಇದನ್ನು ಪ್ರತಿಮೆಯಾಗಲಿ ಎಂದು ಮಾಡಿದ್ದಲ್ಲ. ಫಲಕ ಮಾಡುವ ಯಂತ್ರ ಇತ್ತು, ಕೈ ಪಳಗಿದ ಕೆಲಸಗಾರರಿದ್ದರು, ಸಿಪಾಯಿಗೆ ಎಣ್ಣೆ ಸೀಸೆ ಇಡಲು ಜಾಗ ಬೇಕಿತ್ತು. ಕಾರ್ಖಾನೆಗಳು ಹೀಗೆಯೇ ಯೋಚಿಸುತ್ತವೆ.

ಹಳೆಯದು, ಹೊಸದು ಎರಡನ್ನೂ ಒಂದು ದೇಶ ಒಂದೇ ಕಾಲದಲ್ಲಿ ಯಾಕೆ ತಯಾರಿಸುತ್ತದೆ? ತಯಾರಿಸಿದ ಮೇಲೆ ಯಾವುದು ಯಾರ ಕೈಗೆ ಹೋಗುತ್ತದೆ? ಆಯುಧ ಹಿಡಿಯುವ ಹಕ್ಕನ್ನು ಪ್ರಭುತ್ವ ಯಾರಿಗೆ ಕೊಡುತ್ತದೆ, ಯಾರಿಂದ ಕಿತ್ತುಕೊಳ್ಳುತ್ತದೆ ಎಂಬುದರ ಸುತ್ತಲೇ ನನ್ನ ಪಿಎಚ್‌ಡಿ ಕೆಲಸ ಇರುವುದರಿಂದ ಈ ಪ್ರಶ್ನೆ ನನಗೆ ಬಂದೂಕಿನ ಹುಚ್ಚಿಗಿಂತ ಬೇರೆ ಕಾರಣಕ್ಕೆ ಮುಖ್ಯ. ಬಂದೂಕಿನ ಹುಚ್ಚು ಇಲ್ಲವೇ ಇಲ್ಲ ಎಂದೂ ಹೇಳಲಾರೆ. ಪಿಯುಸಿಯಲ್ಲಿ ಎನ್‌ಸಿಸಿ ಸೇರಿದ್ದವರಿಗೆಲ್ಲ ಆ ಭಾರ ಗೊತ್ತಿರುತ್ತದೆ. ಗುಂಡು ಹಾರಿಸಲಾಗದಂತೆ ಮಾಡಿದ ತ್ರೀ ನಾಟ್ ತ್ರೀಯನ್ನು ಹೆಗಲಿಗೇರಿಸಿ ಮೈದಾನ ಸುತ್ತಿದರೆ ನಾಲ್ಕು ಕಿಲೋದ ಆ ಮರ ಮತ್ತು ಕಬ್ಬಿಣ ಹೆಗಲ ಮೂಳೆಯನ್ನೇ ಹುಡುಕಿಕೊಂಡು ಕೂರುತ್ತಿತ್ತು. ಗುರಿ ಅಭ್ಯಾಸಕ್ಕೆ ಕೊಡುತ್ತಿದ್ದದ್ದು ಪುಟ್ಟ ಪಾಯಿಂಟ್ ಟೂ ಟೂ ರೈಫಲ್. ಗುಂಡು ಹಾರಿಸಿ ಎದ್ದ ಮೇಲೆ ಮೊದಲ ಕೆಲಸ ಹುಲ್ಲಿನಲ್ಲಿ ಬಿದ್ದ ಖಾಲಿ ತೋಟಾಗಳನ್ನು ಆರಿಸುವುದು. ಕೊಟ್ಟ ಗುಂಡೆಷ್ಟು, ವಾಪಸ್ ಬಂದ ಖಾಲಿಗಳೆಷ್ಟು ಎಂಬ ಲೆಕ್ಕ ಸರಿಹೋಗುವವರೆಗೆ ಯಾರೂ ಮನೆಗೆ ಹೋಗುವಂತಿರಲಿಲ್ಲ.

ಈ ಲೆಕ್ಕವನ್ನು ನೆನಪಿನಲ್ಲಿಡಿ, ಮುಂದೆ ಬರುತ್ತದೆ. ಅದಕ್ಕೂ ಮೊದಲು ಯಂತ್ರದ ಬಗ್ಗೆ ಸ್ವಲ್ಪ ಹೇಳಬೇಕು.

ಲೀ-ಎನ್‌ಫೀಲ್ಡ್ ಬೋಲ್ಟ್ ರೈಫಲ್. ಒಂದು ಗುಂಡು ಹಾರಿದ ಮೇಲೆ ಬಲಗೈಯಿಂದ ಬೋಲ್ಟಿನ ಹಿಡಿಯನ್ನು ಮೇಲೆತ್ತಬೇಕು, ಹಿಂದಕ್ಕೆಳೆಯಬೇಕು, ಆಗ ಖಾಲಿ ತೋಟಾ ಹೊರಗೆ ಜಿಗಿಯುತ್ತದೆ. ಮುಂದಕ್ಕೆ ತಳ್ಳಬೇಕು, ಆಗ ಮ್ಯಾಗಝಿನ್‌ನಿಂದ ಹೊಸ ತೋಟಾ ನಳಿಗೆಗೆ ಸೇರುತ್ತದೆ. ಹಿಡಿಯನ್ನು ಕೆಳಕ್ಕೊತ್ತಿದರೆ ಬೀಗ ಬಿದ್ದಂತೆ. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಜೇಮ್ಸ್ ಪ್ಯಾರಿಸ್ ಲೀ ಮಾಡಿಕೊಟ್ಟ ಈ ಬೋಲ್ಟು ತನ್ನ ಕಾಲದ ಉಳಿದ ಬೋಲ್ಟುಗಳಿಗಿಂತ ಹಗುರವಾಗಿ, ಬೇಗ ಓಡುತ್ತಿತ್ತು. ಮ್ಯಾಗಝಿನ್‌ನಲ್ಲಿ ಹತ್ತು ಗುಂಡು. 1914ರ ಬ್ರಿಟಿಷ್ ಸಿಪಾಯಿಗೆ ನಿಮಿಷಕ್ಕೆ ಹದಿನೈದು ಗುಂಡುಗಳನ್ನು ಗುರಿಯಿಟ್ಟು ಹಾರಿಸುವ ತರಬೇತಿ ಇರುತ್ತಿತ್ತು. ಕೈ ಪಳಗಿದವರು ಅದನ್ನೂ ಮೀರುತ್ತಿದ್ದರು.

ಅರೆ ಸ್ವಯಂಚಾಲಿತ ರೈಫಲ್‌ನಲ್ಲಿ ಈ ನಾಲ್ಕು ಚಲನೆಗಳನ್ನು ಗುಂಡಿನ ಹೊಗೆಯೇ ಮಾಡುತ್ತದೆ. ಗುಂಡನ್ನು ನೂಕುವ ಅನಿಲದಲ್ಲಿ ಒಂದಿಷ್ಟನ್ನು ನಳಿಗೆಯ ಸಣ್ಣ ರಂಧ್ರವೊಂದು ಕದ್ದು ಪಿಸ್ಟನ್ ಕಡೆಗೆ ತಿರುಗಿಸುತ್ತದೆ. ಪಿಸ್ಟನ್ ಬೋಲ್ಟನ್ನು ಹಿಂದಕ್ಕೆ ಎಸೆಯುತ್ತದೆ, ಸ್ಪ್ರಿಂಗ್ ಅದನ್ನು ಮುಂದಕ್ಕೆ ತರುತ್ತದೆ. ಸಿಪಾಯಿ ಪ್ರತಿ ಗುಂಡಿಗೂ ಟ್ರಿಗರ್ ಒತ್ತಲೇಬೇಕು, ಅದಕ್ಕೇ ಅದು ‘ಅರೆ’. ವೇಗ ಹೆಚ್ಚುತ್ತದೆ ಎನ್ನುವುದು ಎಲ್ಲರೂ ಹೇಳುವ ಮಾತು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೊಂದು: ಎರಡು ಗುಂಡಿನ ನಡುವೆ ಕೈ ಜಾಗ ಬಿಡುವುದಿಲ್ಲ, ಕೆನ್ನೆ ಮರದಿಂದ ಏಳುವುದಿಲ್ಲ, ಕಣ್ಣು ಗುರಿಯಿಂದ ಸರಿಯುವುದಿಲ್ಲ. ಬೋಲ್ಟ್ ಎಳೆಯುವ ಆ ಒಂದೆರಡು ಸೆಕೆಂಡು ಸಿಪಾಯಿ ಯುದ್ಧದಿಂದ ಹೊರಗಿರುತ್ತಾನೆ. ಎಸ್‌ಎಲ್‌ಆರ್ ಹಿಡಿದವನು ಒಳಗೇ ಇರುತ್ತಾನೆ.

ಇಷ್ಟು ಸ್ಪಷ್ಟವಾದ ಅನುಕೂಲ ಇದ್ದರೂ ಸೇನೆಗಳು ಹೊಸತನ್ನು ಒಪ್ಪಲು ಯಾಕೆ ದಶಕಗಟ್ಟಲೆ ತಡಮಾಡಿದವು? ಉತ್ತರ ಹಳೆಯ ಲೀ-ಎನ್‌ಫೀಲ್ಡಿನ ಮೈಯಲ್ಲೇ ಇದೆ. ಮೊದಲ ಮಾದರಿಗಳಲ್ಲಿ ಮ್ಯಾಗಝಿನ್ ಬಾಯಿಗೆ ಅಡ್ಡವಾಗಿ ಜಾರಿಸುವ ಒಂದು ಉಕ್ಕಿನ ತಗಡು ಇರುತ್ತಿತ್ತು. ಅದನ್ನು ಒಳಕ್ಕೆ ಸರಿಸಿದರೆ ಹತ್ತು ಗುಂಡು ತುಂಬಿದ್ದರೂ ಮ್ಯಾಗಝಿನ್ ಮುಚ್ಚಿಕೊಳ್ಳುತ್ತದೆ; ಸಿಪಾಯಿ ಹಳೆಯ ಕಾಲದಂತೆ ಒಂದೊಂದೇ ತೋಟಾವನ್ನು ಕೈಯಿಂದ ಹಾಕಿ ಹಾರಿಸಬೇಕು. ಮ್ಯಾಗಝಿನ್ ತೆರೆಯುವುದು ಅಧಿಕಾರಿ ಹೇಳಿದಾಗ ಮಾತ್ರ. ಅಮೆರಿಕದ 1903ರ ಸ್ಪ್ರಿಂಗ್‌ಫೀಲ್ಡ್ ರೈಫಲ್‌ನಲ್ಲೂ ಇಂಥದ್ದೇ ಏರ್ಪಾಡಿತ್ತು. ಹತ್ತು ಗುಂಡು ಹಾರಿಸಬಲ್ಲ ಯಂತ್ರವನ್ನು ಮಾಡಿ, ಹಾರಿಸದಂತೆ ಅದಕ್ಕೊಂದು ಬಾಗಿಲು ಇಟ್ಟರು. ಸಿಪಾಯಿಯ ಕೈಗೆ ಗುಂಡು ಸಲೀಸಾಗಿ ಸಿಕ್ಕರೆ ಗಾಬರಿಯಲ್ಲಿ ಎಲ್ಲವನ್ನೂ ಸುರಿದುಬಿಡುತ್ತಾನೆ ಎಂಬ ಭಯ. ಯುದ್ಧ ನಡೆಯುತ್ತಿದ್ದಾಗಲೇ, 1916ರ ಸುಮಾರಿಗೆ, ಬ್ರಿಟಿಷರು ಆ ತಗಡನ್ನು ಕೈಬಿಟ್ಟರು. ಭಯ ಮಾತ್ರ ಹೋಗಲಿಲ್ಲ.

ಅದು ಅರೆ ಸ್ವಯಂಚಾಲಿತ ರೈಫಲ್‌ಗೆ ಎದುರಾಗಿ ನಿಂತದ್ದು ಅಮೆರಿಕದಲ್ಲಿ ಚೆನ್ನಾಗಿ ಕಾಣುತ್ತದೆ. ಕೆನಡಾದ ಕ್ವಿಬೆಕ್‌ನಲ್ಲಿ ಹುಟ್ಟಿದ ಜಾನ್ ಗ್ಯಾರಂಡ್ ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದಲ್ಲಿ ವರ್ಷಗಟ್ಟಲೆ ಕುಳಿತು ಒಂದು ಅರೆ ಸ್ವಯಂಚಾಲಿತ ರೈಫಲ್ ರೂಪಿಸಿದ. ಅದು ಹಗುರವಾದ ಪಾಯಿಂಟ್ 276 ಅಳತೆಯ ಗುಂಡಿಗಾಗಿ ಮಾಡಿದ್ದು. 1932ರಲ್ಲಿ ಸೇನಾ ಮುಖ್ಯಸ್ಥನಾಗಿದ್ದ ಡಗ್ಲಾಸ್ ಮೆಕಾರ್ಥರ್ ಆ ಅಳತೆಯನ್ನು ತಳ್ಳಿಹಾಕಿದ. ಉಗ್ರಾಣಗಳಲ್ಲಿ ಹಳೆಯ ಅಳತೆಯ ಗುಂಡುಗಳ ರಾಶಿ ಬಿದ್ದಿದೆ, ಆರ್ಥಿಕ ಕುಸಿತದ ಕಾಲ, ಹೊಸ ಗುಂಡಿಗೆ ದುಡ್ಡೆಲ್ಲಿ? ಗ್ಯಾರಂಡ್ ಮತ್ತೆ ಕೂತು ಹಳೆಯ ಗುಂಡಿಗೆ ಹೊಂದುವಂತೆ ರೈಫಲ್ ತಿದ್ದಿದ. ಹತ್ತು ಗುಂಡು ಹಿಡಿಯುತ್ತಿದ್ದುದು ಎಂಟಕ್ಕಿಳಿಯಿತು. 1936ರಲ್ಲಿ ಅದು ಸೇನೆಗೆ ಸೇರಿತು. ಹೊಸ ರೈಫಲ್‌ಗೆ ಎಷ್ಟು ಗುಂಡು ಹಿಡಿಯಬೇಕು ಎಂದು ತೀರ್ಮಾನಿಸಿದ್ದು ಹಳೆಯ ದಾಸ್ತಾನು. 1942ರಲ್ಲಿ ಪೆಸಿಫಿಕ್‌ನ ಗ್ವಾಡಲ್‌ಕೆನಾಲ್ ದ್ವೀಪಕ್ಕೆ ಅಮೆರಿಕದ ನೌಕಾ ಸೈನಿಕರು ಇಳಿದದ್ದು ಬೋಲ್ಟಿನ ಸ್ಪ್ರಿಂಗ್‌ಫೀಲ್ಡ್ ಹಿಡಿದೇ. ತಿಂಗಳುಗಳ ನಂತರ ಗ್ಯಾರಂಡ್ ಹಿಡಿದ ಭೂಸೇನೆಯ ತುಕಡಿ ಬಂದಾಗ, ಹಳೆಯದೇ ಒಳ್ಳೆಯದು ಎನ್ನುತ್ತಿದ್ದ ನೌಕಾ ಸೈನಿಕರು ಸಿಕ್ಕ ಸಿಕ್ಕ ದಾರಿಯಲ್ಲಿ ಗ್ಯಾರಂಡ್ ಸಂಪಾದಿಸಿಕೊಳ್ಳತೊಡಗಿದರು. ಹಳೆಯದರ ಮೇಲಿನ ಅಭಿಮಾನ ಒಂದೇ ಋತುವಿನಲ್ಲಿ ಕರಗಿತು.

ಮಲೆನಾಡಿನ ಓದುಗರಿಗೆ ಈ ಅಭಿಮಾನ ಅಪರಿಚಿತವೇನಲ್ಲ. ಕೇಪಿನ ಕೋವಿಯವರಿಗೂ ತೋಟಾ ಕೋವಿಯವರಿಗೂ ನಡೆಯುತ್ತಿದ್ದ ವಾದಗಳನ್ನು ನಮ್ಮ ಕಡೆಯ ಹಿರಿಯರು ಈಗಲೂ ಹೇಳುತ್ತಾರೆ. ಒಂದೇ ಈಡಿನಲ್ಲಿ ಹಂದಿ ಕೆಡವಿದವನಿಗಿದ್ದ ಮರ್ಯಾದೆ ಎರಡನೆಯ ಈಡು ಸಿದ್ಧವಿದ್ದವನಿಗೆ ಇರಲಿಲ್ಲ. ಆದರೆ ಹಂದಿ ತಿರುಗಿ ಗುಂಡು ಹಾರಿಸುವುದಿಲ್ಲವಲ್ಲ.

ಭಾರತಕ್ಕೆ ಬಂದರೆ ಈ ಭಯಕ್ಕೆ ಇನ್ನೊಂದು ಪದರ ಸೇರುತ್ತದೆ. ಅಮೆರಿಕದ ಸೇನಾಧಿಕಾರಿಗೆ ತನ್ನ ಸಿಪಾಯಿ ಗುಂಡು ಪೋಲು ಮಾಡಿಯಾನು ಎಂಬ ಆತಂಕವಿತ್ತು. ಬ್ರಿಟಿಷ್ ಅಧಿಕಾರಿಗೆ ತನ್ನ ಭಾರತೀಯ ಸಿಪಾಯಿ ಆ ಗುಂಡನ್ನು ತನ್ನ ಕಡೆಗೇ ತಿರುಗಿಸಿಯಾನು ಎಂಬ ಆತಂಕ. 1857ರ ಕಿಡಿ ಹತ್ತಿದ್ದು ಎನ್‌ಫೀಲ್ಡ್ ರೈಫಲ್‌ನ ಕೊಬ್ಬು ಸವರಿದ ತೋಟಾಗಳಿಂದ ಎಂಬುದು ಎಲ್ಲರಿಗೂ ಗೊತ್ತು. ಅದರ ನಂತರ ಏನಾಯಿತು ಎಂಬುದು ಅಷ್ಟಾಗಿ ಗೊತ್ತಿಲ್ಲ. ದಂಗೆ ಅಡಗಿದ ಮೇಲೆ ಭಾರತೀಯ ಸಿಪಾಯಿಗಳಿಗೆ ಕೊಟ್ಟದ್ದು ಅದೇ ಎನ್‌ಫೀಲ್ಡಿನ ಆಕಾರದ, ಆದರೆ ನಳಿಗೆಯೊಳಗೆ ಸುರುಳಿ ಗೀರುಗಳಿಲ್ಲದ ಬಂದೂಕು. ರೈಫಲ್ ಎಂಬ ಹೆಸರು ಬಂದದ್ದೇ ಆ ಗೀರುಗಳಿಂದ. ಅವು ಗುಂಡನ್ನು ತಿರುಗಿಸಿ ದೂರಕ್ಕೆ ನೇರವಾಗಿ ಕಳಿಸುತ್ತವೆ. ಗೀರು ತೆಗೆದರೆ ನೋಡಲು ರೈಫಲ್, ಹೊಡೆಯಲು ಹಳೆಯ ಮಸ್ಕೆಟ್. ಅಲ್ಲಿಂದ ಮುಂದೆ ಅದೊಂದು ನೀತಿಯೇ ಆಯಿತು: ಭಾರತೀಯ ಸಿಪಾಯಿ ಗೋರಾ ಸಿಪಾಯಿಗಿಂತ ಒಂದು ತಲೆಮಾರು ಹಿಂದೆ ಇರಬೇಕು. ಬ್ರಿಟಿಷರ ಕೈಗೆ ಮಾರ್ಟಿನಿ-ಹೆನ್ರಿ ಬಂದಾಗ ನಮ್ಮವರಿಗೆ ಅವರು ಬಿಟ್ಟ ಸ್ನೈಡರ್. ಅವರ ಕೈಗೆ ಮ್ಯಾಗಝಿನ್ ರೈಫಲ್ ಬಂದಾಗ ನಮ್ಮವರಿಗೆ ಮಾರ್ಟಿನಿ. 1878ರಲ್ಲಿ ಶುರುವಾದ ಎರಡನೆಯ ಆಫ್ಘನ್ ಯುದ್ಧದಲ್ಲಿ ಒಂದೇ ಸೇನೆಯ ಎರಡು ಬಣ್ಣದ ಸಿಪಾಯಿಗಳು ಎರಡು ಕಾಲದ ಬಂದೂಕು ಹಿಡಿದು ಹೋರಾಡಿದರು.

ಸೇನೆಯ ಹೊರಗೆ ಜನರ ಕೈಯಿಂದ ಆಯುಧವನ್ನೇ ಕಿತ್ತುಕೊಂಡರು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು 1857ರ ನವೆಂಬರಿನಲ್ಲಿ ಎದ್ದು ನಿಂತದ್ದು ಆಯುಧ ಒಪ್ಪಿಸಿ ಎಂಬ ಆಜ್ಞೆಯ ವಿರುದ್ಧ. ಊರಿಗೆ ಬೆಂಕಿ ಬಿತ್ತು, ಮುಂದಾಳುಗಳು ಗಲ್ಲಿಗೇರಿದರು. ಆ ಲಾವಣಿಯನ್ನು ಶಾಲೆಯಲ್ಲಿ ಓದಿದ ನಮಗೆ ಅದು ಶೌರ್ಯದ ಕತೆ. ಅದು ಕಾನೂನಿನ ಕತೆಯೂ ಹೌದು. ಅದೇ ಪ್ರಭುತ್ವ ಕೊಡವರಿಗೆ ಮಾತ್ರ ವಿನಾಯಿತಿ ಕೊಟ್ಟಿತು, ಆ ವಿನಾಯಿತಿ ಸ್ವಾತಂತ್ರ್ಯದ ನಂತರದ ಕಾನೂನಿನಲ್ಲೂ ಮುಂದುವರಿದಿದೆ. ಬೇಡರ ಕೈಯಲ್ಲಿ ಅಪಾಯ, ಕೊಡವರ ಕೈಯಲ್ಲಿ ನಿಷ್ಠೆ: ಬಂದೂಕು ಯಾವುದು ಎಂಬುದಕ್ಕಿಂತ ಕೈ ಯಾರದು ಎಂಬುದೇ ಪ್ರಶ್ನೆಯಾಗಿತ್ತು.

ಒಂದು ತಲೆಮಾರಿನ ಅಂತರ ಕುಸಿದದ್ದು ಯೂರೋಪಿನ ಯುದ್ಧದಿಂದ. 1914ರಲ್ಲಿ ಭಾರತೀಯ ತುಕಡಿಗಳು ಫ್ರಾನ್ಸಿನ ಮಾರ್ಸೇಲ್ಸ್ ಬಂದರಿಗೆ ಇಳಿದಾಗ ಅವರ ಹಳೆಯ ರೈಫಲ್‌ಗಳನ್ನು ವಾಪಸ್ ಪಡೆದು ಹೊಸ ಮಾದರಿಯ ಲೀ-ಎನ್‌ಫೀಲ್ಡ್ ಕೊಡಲಾಯಿತು. ಹೊಸ ಗುಂಡಿಗೆ ಹಳೆಯ ರೈಫಲ್ ಹೊಂದುತ್ತಿರಲಿಲ್ಲ, ಎರಡು ಬಗೆಯ ಗುಂಡು ಸರಬರಾಜು ಮಾಡುವುದು ಕಷ್ಟ. ಅರ್ಧ ಶತಮಾನದ ಅಪನಂಬಿಕೆಯನ್ನು ಒಂದು ಸರಬರಾಜಿನ ತೊಡಕು ಮುರಿಯಿತು. ಆ ರೈಫಲ್ಲು ಆಮೇಲೆ ಭಾರತದಲ್ಲೇ ಬೇರುಬಿಟ್ಟಿತು. ಇಚ್ಛಾಪುರದಲ್ಲಿ ತಯಾರಾಗಿ, ಎರಡು ಮಹಾಯುದ್ಧ, ಕಾಶ್ಮೀರದ 1947-48ರ ಯುದ್ಧ ಎಲ್ಲವನ್ನೂ ಕಂಡು, 1950ರ ದಶಕಕ್ಕೆ ಸ್ವತಂತ್ರ ಭಾರತದ ಸೇನೆಯ ಕೈಯಲ್ಲಿ ಉಳಿಯಿತು.

ಆ ಹೊತ್ತಿಗೆ ಜಗತ್ತು ಮುಂದೆ ಹೋಗಿತ್ತು. ಬ್ರಿಟನ್ 1951ರಲ್ಲಿ ತನ್ನದೇ ಇಎಂ-2 ಎಂಬ ಆಧುನಿಕ ರೈಫಲ್ ಆರಿಸಿಕೊಂಡಿತು, ಚರ್ಚಿಲ್ ಅಧಿಕಾರಕ್ಕೆ ಮರಳಿದ್ದೇ ಅದನ್ನು ಕೈಬಿಟ್ಟರು. ಅಮೆರಿಕದ ಒತ್ತಾಯಕ್ಕೆ ನೇಟೊ ದೇಶಗಳೆಲ್ಲ 7.62 ಮಿಲಿಮೀಟರಿನ ಒಂದೇ ಗುಂಡಿಗೆ ಒಪ್ಪಿಕೊಂಡವು. ಆ ಗುಂಡಿಗೆ ಬೆಲ್ಜಿಯಂನ ದ್ಯೂದೊನೆ ಸೈವ್ ರೂಪಿಸಿದ ಎಫ್‌ಎಎಲ್ ರೈಫಲ್ ಒಂದಾದ ಮೇಲೊಂದು ದೇಶದ ಸೇನೆ ಸೇರತೊಡಗಿತು. ಬ್ರಿಟಿಷರು ಅದನ್ನು ತೆಗೆದುಕೊಂಡಾಗ ಅದರಲ್ಲಿದ್ದ ಪೂರ್ಣ ಸ್ವಯಂಚಾಲಿತ ಸೌಲಭ್ಯವನ್ನು ಬೇಕೆಂದೇ ತೆಗೆದುಹಾಕಿದರು, ‘ಅರೆ’ ಸಾಕು ಎಂದು. ಮ್ಯಾಗಝಿನ್ ಬಾಯಿಗಿಟ್ಟ ಆ ಹಳೆಯ ತಗಡು ಹೊಸ ವೇಷದಲ್ಲಿ ಮರಳಿದ್ದು ಹೀಗೆ.

ಭಾರತದಲ್ಲಿ ಈ ಪ್ರಶ್ನೆ ಎದ್ದ ಕಾಲಕ್ಕೆ ಸೇನಾ ಮುಖ್ಯಸ್ಥರಾಗಿದ್ದವರು ಮಡಿಕೇರಿಯ ಜನರಲ್ ಕೆ.ಎಸ್. ತಿಮ್ಮಯ್ಯ, 1957ರಿಂದ 1961ರವರೆಗೆ. ರಕ್ಷಣಾ ಸಚಿವರು ವಿ.ಕೆ. ಕೃಷ್ಣ ಮೆನನ್. ತ್ರೀ ನಾಟ್ ತ್ರೀ ಬದಲಿಸಿ ಬೆಲ್ಜಿಯಂನ ರೈಫಲ್ಲನ್ನು ಇಲ್ಲೇ ತಯಾರಿಸೋಣ ಎಂದು ತಿಮ್ಮಯ್ಯ ಹೇಳಿದರು, ನೇಟೊ ಆಯುಧ ಈ ದೇಶಕ್ಕೆ ಬೇಡ ಎಂದು ಮೆನನ್ ಸಿಡುಕಿದರು ಎಂಬ ಕತೆ ಆ ಕಾಲದ ಬಗ್ಗೆ ಬರೆದವರಲ್ಲಿ ಮತ್ತೆ ಮತ್ತೆ ಬರುತ್ತದೆ. ಇಬ್ಬರ ನಡುವಿನ ಜಗಳ ನಿಜ. 1959ರಲ್ಲಿ ತಿಮ್ಮಯ್ಯ ರಾಜೀನಾಮೆ ಕೊಟ್ಟು, ನೆಹರೂ ಮಾತಿಗೆ ವಾಪಸ್ ಪಡೆದದ್ದೂ ನಿಜ. ಆದರೆ ಈ ಕತೆಯನ್ನು ನಾನು ಸ್ವಲ್ಪ ಎಚ್ಚರದಿಂದ ಓದುತ್ತೇನೆ. ಅದು ಹೆಚ್ಚು ಪ್ರಚಾರವಾದದ್ದು 1962ರ ನಂತರ, ಮೆನನ್ ಅವರನ್ನು ಸಮರ್ಥಿಸುವವರೇ ಇಲ್ಲವಾದಾಗ. ಮೆನನ್ ಸಿಡುಕಿರಬಹುದು. ಸಿಡುಕದಿದ್ದರೂ ಲೆಕ್ಕ ಸುಲಭವಿರಲಿಲ್ಲ. ತ್ರೀ ನಾಟ್ ತ್ರೀ ಗುಂಡನ್ನು ರೈಫಲ್ ಮಾತ್ರವಲ್ಲ, ಬ್ರೆನ್ ಗನ್ನು, ವಿಕರ್ಸ್ ಮೆಷಿನ್ ಗನ್ನು ಕೂಡ ಹಾರಿಸುತ್ತಿದ್ದವು. ರೈಫಲ್ ಬದಲಾದರೆ ಅವೆಲ್ಲ ಬದಲಾಗಬೇಕು, ಗುಂಡು ತಯಾರಿಸುವ ಕಾರ್ಖಾನೆಯ ಯಂತ್ರಗಳೂ ಬದಲಾಗಬೇಕು. 1957ರ ಹೊತ್ತಿಗೆ ದೇಶ ವಿದೇಶಿ ವಿನಿಮಯದ ಬಿಕ್ಕಟ್ಟಿನಲ್ಲಿತ್ತು. ಮೆಕಾರ್ಥರ್ ಮುಂದಿದ್ದ ಉಗ್ರಾಣವೇ ಮೆನನ್ ಮುಂದೆಯೂ ಇತ್ತು. ಒಬ್ಬನನ್ನು ಮುಂದಾಲೋಚನೆಯ ಸೇನಾನಿ ಎಂದೂ ಇನ್ನೊಬ್ಬರನ್ನು ದ್ರೋಹಿ ಎಂದೂ ಕರೆಯುವುದು ನನಗೆ ನ್ಯಾಯವಾಗಿ ಕಾಣುವುದಿಲ್ಲ. ಮೆನನ್ ಅವರ ಮೇಲೆ ಹೊರಿಸಬೇಕಾದ ತಪ್ಪುಗಳು ಬೇರೆ ಬೇಕಾದಷ್ಟಿವೆ.

1962ರ ಅಕ್ಟೋಬರ್ 20ರ ಬೆಳಗ್ಗೆ ನಾಮ್‌ಕಾ ಚು ಹೊಳೆಯ ದಂಡೆಯಲ್ಲಿ ಚೀನಾದ ದಾಳಿ ಶುರುವಾಯಿತು. ಚೀನಾ ಸೈನಿಕರ ಬಳಿ ಸೋವಿಯತ್ ವಿನ್ಯಾಸದ ಎಸ್‌ಕೆಎಸ್ ಮಾದರಿಯ ಅರೆ ಸ್ವಯಂಚಾಲಿತ ರೈಫಲ್‌ಗಳು, ಎಕೆ ಮಾದರಿಯವು, ಸಬ್‌ಮೆಷಿನ್ ಗನ್‌ಗಳು ಇದ್ದವು. ನಮ್ಮವರ ಬಳಿ ತ್ರೀ ನಾಟ್ ತ್ರೀ. ಅಲ್ಲಿ ಏಳನೆಯ ಬ್ರಿಗೇಡಿನ ನಾಯಕರಾಗಿದ್ದು, ಎರಡು ದಿನದ ನಂತರ ಸೆರೆಸಿಕ್ಕ ಬ್ರಿಗೇಡಿಯರ್ ಜಾನ್ ದಳವಿ ಅವರ ಪುಸ್ತಕ ‘ಹಿಮಾಲಯನ್ ಬ್ಲಂಡರ್’ ರವಿ ಬೆಳಗೆರೆಯವರ ಅನುವಾದದಿಂದ ಕನ್ನಡದ ಮನೆಮನೆಗೆ ಬಂತು. ಹಳೆಯ ಬಂದೂಕು ಹಿಡಿದು, ಹತ್ತಿ ಬಟ್ಟೆ ತೊಟ್ಟು ಹಿಮದಲ್ಲಿ ಸತ್ತ ಸಿಪಾಯಿಯ ಚಿತ್ರ ನಮ್ಮ ಮನಸ್ಸಿನಲ್ಲಿ ಕೂತದ್ದು ಹೆಚ್ಚಾಗಿ ಆ ಪುಸ್ತಕದಿಂದಲೇ.

ಆ ಚಿತ್ರದಲ್ಲಿ ನನ್ನ ಗಮನ ಹೋಗುವುದು ಬಂದೂಕಿಗಿಂತ ಹೆಚ್ಚಾಗಿ ಒಂದು ಅಂಕಿಯ ಕಡೆಗೆ. ನಾಮ್‌ಕಾ ಚುವಿನ ಸಿಪಾಯಿಯ ಬಳಿ ಇದ್ದದ್ದು ತಲಾ ಐವತ್ತು ಗುಂಡು. ರಸ್ತೆ ಇಲ್ಲ, ಸಾಮಾನೆಲ್ಲ ವಿಮಾನದಿಂದ ತ್ಸಾಂಗ್‌ಧರ್ ಎಂಬ ಎತ್ತರದ ಜಾಗಕ್ಕೆ ಎಸೆಯಬೇಕು, ಅದರಲ್ಲಿ ಬಹುಪಾಲು ಕಣಿವೆಗೆ ಉರುಳಿ ಹೋಗುತ್ತಿತ್ತು. ಈಗ ಒಂದು ಕಲ್ಪನೆ ಮಾಡಿಕೊಳ್ಳಿ. ತಿಮ್ಮಯ್ಯನವರ ಮಾತು ನಡೆದು ಪ್ರತಿಯೊಬ್ಬನ ಕೈಯಲ್ಲೂ ಎಸ್‌ಎಲ್‌ಆರ್ ಇದ್ದಿದ್ದರೆ? ಅದರ ಮ್ಯಾಗಝಿನ್‌ಗೆ ಇಪ್ಪತ್ತು ಗುಂಡು. ಐವತ್ತೆಂದರೆ ಎರಡೂವರೆ ಮ್ಯಾಗಝಿನ್. ತ್ರೀ ನಾಟ್ ತ್ರೀಯವನು ಮೂರ್ನಾಲ್ಕು ನಿಮಿಷ ಹಾರಿಸಬಹುದಾಗಿದ್ದ ಗುಂಡನ್ನು ಅವನು ಅದರ ಅರ್ಧ ಹೊತ್ತಿನಲ್ಲಿ ಮುಗಿಸಿ ಕೂರಬೇಕಾಗುತ್ತಿತ್ತು. ಆ ಅರ್ಧ ಹೊತ್ತು ಅವನಿಗೆ ಬೇಕಿತ್ತು, ಇಲ್ಲವೆನ್ನುತ್ತಿಲ್ಲ. ಆದರೆ ಹೊಸ ರೈಫಲ್ ಎಂದರೆ ಹೊಸ ರಸ್ತೆ, ಹೇಸರಗತ್ತೆ, ವಿಮಾನ, ಗುಂಡಿನ ಪೆಟ್ಟಿಗೆ ಹೊರುವ ಹೆಗಲು. ಅವಿಲ್ಲದೆ ಕೊಟ್ಟರೆ ಅದು ಬೇಗ ಖಾಲಿಯಾಗುವ ರೈಫಲ್ ಮಾತ್ರ.

ನವೆಂಬರ್ 18ರಂದು ಲಡಾಖಿನ ರೆಜಾಂಗ್ ಲಾದಲ್ಲಿ ಮೇಜರ್ ಶೈತಾನ್ ಸಿಂಗ್ ನೇತೃತ್ವದ ಹದಿಮೂರನೆಯ ಕುಮಾವ್ ಪಡೆಯ ಸುಮಾರು 120 ಜನರ ತುಕಡಿ ಅದೇ ತ್ರೀ ನಾಟ್ ತ್ರೀ ಹಿಡಿದು ಬಹುಮಟ್ಟಿಗೆ ಕೊನೆಯವನವರೆಗೆ ಹೋರಾಡಿತು. ನಡುವೆ ಬೆಟ್ಟವಿದ್ದುದರಿಂದ ಅವರಿಗೆ ಫಿರಂಗಿ ಬೆಂಬಲ ಇರಲಿಲ್ಲ. ಚಳಿಗಾಲ ಕಳೆದು ಶವಗಳನ್ನು ಹುಡುಕಲು ಹೋದವರಿಗೆ ಹಲವರು ಆಯುಧ ಹಿಡಿದ ಸ್ಥಿತಿಯಲ್ಲೇ ಸಿಕ್ಕರು. ಹಳೆಯ ಬಂದೂಕು ಕೆಲಸಕ್ಕೆ ಬಾರದ್ದು ಎನ್ನುವವರೂ, ಅದರಲ್ಲೇ ಏನೆಲ್ಲ ಸಾಧಿಸಿದರು ನೋಡಿ ಎನ್ನುವವರೂ ಇದೇ ಕದನವನ್ನು ಉದಾಹರಿಸುತ್ತಾರೆ. ನನಗೆ ಎರಡನೆಯ ವಾದದ ಮೇಲೆ ಹೆಚ್ಚು ಸಿಟ್ಟು. ಸತ್ತವರ ಶೌರ್ಯವನ್ನು ಬಂದೂಕಿನ ಪ್ರಶಸ್ತಿಪತ್ರ ಮಾಡುವುದೆಂದರೆ, ಅವರ ಕೈಗೆ ಅದನ್ನು ಕೊಟ್ಟು ಕಳಿಸಿದವರನ್ನು ಪ್ರಶ್ನೆಯಿಂದ ಪಾರುಮಾಡಿದಂತೆ.

ಆ ನವೆಂಬರಿನಲ್ಲಿ ಅಮೆರಿಕದ, ಬ್ರಿಟನ್ನಿನ ವಿಮಾನಗಳು ಆಯುಧ ಹೊತ್ತು ಬಂದವು. ಬೇಡವೆಂದಿದ್ದ ನೇಟೊ ಆಯುಧಗಳು ಹಾಗೆ ಬಂದವು. ಮೆನನ್ ಅಷ್ಟರಲ್ಲಿ ಹುದ್ದೆ ಬಿಟ್ಟಾಗಿತ್ತು.

ಇನ್ನು ಇಚ್ಛಾಪುರದ ಎರಡು ರೈಫಲ್‌ಗಳ ಕತೆ. ಯುದ್ಧದ ನಂತರ ಸೇನೆಗೆ 7.62ರ ಅರೆ ಸ್ವಯಂಚಾಲಿತ ರೈಫಲ್ ಬೇಕೇ ಬೇಕು ಎಂದಾಯಿತು. ಬ್ರಿಟಿಷ್ ಮತ್ತು ಬೆಲ್ಜಿಯಂ ಮಾದರಿಗಳನ್ನು ಬಿಚ್ಚಿ, ಅಳೆದು ನಮ್ಮವರು 1ಎ1 ರೂಪಿಸಿದರು. ಆದರೆ ಲಕ್ಷಾಂತರ ಸಿಪಾಯಿಗಳಿಗೆ ಸಾಕಾಗುವಷ್ಟು ಹೊಸ ರೈಫಲ್ ಒಂದೆರಡು ವರ್ಷದಲ್ಲಿ ಆಗುವ ಮಾತಲ್ಲ. ಸಂಕೀರ್ಣ ಯಂತ್ರ, ಹೊಸ ಅಚ್ಚುಗಳು, ಹೊಸ ಅಳತೆಗಳು. ಹಳೆಯ ಲೀ-ಎನ್‌ಫೀಲ್ಡಿನ ಯಂತ್ರಗಳು ಮಾತ್ರ ಸಿದ್ಧವಾಗಿ ನಿಂತಿದ್ದವು. ಹಾಗಾಗಿ ಅದೇ ರೈಫಲ್ಲನ್ನು, ಹೊಸ ಗುಂಡಿನ ಹೆಚ್ಚಿನ ಒತ್ತಡ ತಡೆಯುವ ಗಟ್ಟಿ ಉಕ್ಕಿನಿಂದ, ಚೌಕಾಕಾರದ ಹೊಸ ಮ್ಯಾಗಝಿನ್ ಇಟ್ಟು ತಯಾರಿಸಿದರು. ಅದೇ 2ಎ. ಜಗತ್ತಿನ ಯಾವ ಸೇನೆಯೂ ಆ ನಂತರ ಸಾಮಾನ್ಯ ಸಿಪಾಯಿಗಾಗಿ ಹೊಸ ಬೋಲ್ಟ್ ರೈಫಲ್ ರೂಪಿಸಲಿಲ್ಲ ಎನ್ನುತ್ತಾರೆ. ಆ ವಂಶದ ಕೊನೆಯ ಕುಡಿ ಹುಟ್ಟಿದ್ದು ಬಂಗಾಳದಲ್ಲಿ.

ಇದನ್ನು ಹಿಂದುಳಿದಿರುವಿಕೆ ಎಂದು ನಗುವವರಿದ್ದಾರೆ. ನನಗೆ ಇದು ಆ ಇಡೀ ಕತೆಯಲ್ಲಿ ಬುದ್ಧಿವಂತಿಕೆಯ ತೀರ್ಮಾನವಾಗಿ ಕಾಣುತ್ತದೆ. ಹಳೆಯದು, ಹೊಸದು ಎರಡೂ ಒಂದೇ ಗುಂಡು ಹಾರಿಸಿದರೆ ಸರಬರಾಜಿನ ತೊಡಕು ಅರ್ಧ ಕರಗಿತು. ಮೆಕಾರ್ಥರ್ ಹಳೆಯ ಗುಂಡಿಗಾಗಿ ಹೊಸ ರೈಫಲ್ಲನ್ನು ಬಗ್ಗಿಸಿದ. ಇಚ್ಛಾಪುರದವರು ಹೊಸ ಗುಂಡಿಗಾಗಿ ಹಳೆಯ ರೈಫಲ್ಲನ್ನು ಬಗ್ಗಿಸಿದರು. ಸ್ವಲ್ಪ ಕಾಲದ ನಂತರ 2ಎ1 ಎಂಬ ತಿದ್ದಿದ ಮಾದರಿ ಬಂತು. ಬದಲಾದದ್ದು ಮುಖ್ಯವಾಗಿ ಒಂದೇ: ಗುರಿ ನೋಡುವ ಹಿಂಬದಿಯ ಪಟ್ಟಿಯಲ್ಲಿ 2000 ಎಂದಿದ್ದ ಗರಿಷ್ಠ ದೂರವನ್ನು 800 ಮೀಟರಿಗೆ ಇಳಿಸಿದರು. ಎರಡು ಸಾವಿರದಷ್ಟು ದೂರದಲ್ಲಿರುವ ಮನುಷ್ಯನನ್ನು ಬರಿಗಣ್ಣಿನಿಂದ ಗುರಿಯಿಟ್ಟು ಹೊಡೆಯುವುದು ಹಿಂದೆಯೂ ಆಗುತ್ತಿರಲಿಲ್ಲ. ಆದರೂ ಆ ಅಂಕಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ರೈಫಲ್‌ನ ಮೇಲೆ ಕೆತ್ತಿಕೊಂಡೇ ಬಂದಿತ್ತು. ಅದನ್ನು ಅಳಿಸಿದ ಎಂಜಿನಿಯರ್ ಯಾರೋ, ಅವರ ಮೇಲೆ ನನಗೆ ಗೌರವ.

1971ರ ಯುದ್ಧದ ಹೊತ್ತಿಗೆ ಎಸ್‌ಎಲ್‌ಆರ್ ಭಾರತೀಯ ಸಿಪಾಯಿಯ ಗುರುತೇ ಆಗಿತ್ತು. ಬೋಲ್ಟ್ ರೈಫಲ್‌ಗಳು ಎಲ್ಲಿಗೆ ಹೋದವು? ಕರಗಿಸಲಿಲ್ಲ. ಕೆಳಗಿನ ಮೆಟ್ಟಿಲಿಗೆ ಇಳಿದವು: ರಾಜ್ಯಗಳ ಪೊಲೀಸರಿಗೆ, ರೈಲ್ವೆ ಪೊಲೀಸರಿಗೆ, ಗೃಹರಕ್ಷಕರಿಗೆ, ಮೈದಾನ ಸುತ್ತುವ ಎನ್‌ಸಿಸಿ ಹುಡುಗ ಹುಡುಗಿಯರಿಗೆ. ಬ್ರಿಟಿಷರ ಕಾಲದಲ್ಲಿ ಗೋರಾ ಸಿಪಾಯಿಗೂ ಭಾರತೀಯ ಸಿಪಾಯಿಗೂ ಇದ್ದ ಒಂದು ತಲೆಮಾರಿನ ಅಂತರ ಈಗ ಸಿಪಾಯಿಗೂ ಕಾನ್‌ಸ್ಟೆಬಲ್‌ಗೂ ನಡುವೆ ಬಂದು ಕೂತಿತು. ಯಾರೂ ಇದನ್ನು ನೀತಿ ಎಂದು ಬರೆದಿಡಲಿಲ್ಲ. ಬಜೆಟ್ಟಿನಲ್ಲಿ ತಾನಾಗಿ ಬರೆದುಕೊಂಡಿತು. ಗುಂಡಿನ ಲೆಕ್ಕವೂ ಹಾಗೇ ಇಳಿದುಬಂತು: ವರ್ಷಕ್ಕೆ ಕೈಬೆರಳೆಣಿಕೆಯ ಅಭ್ಯಾಸ, ಪ್ರತಿ ಖಾಲಿ ತೋಟಾಕ್ಕೂ ರಿಜಿಸ್ಟರಿನಲ್ಲಿ ಸಹಿ.

2008ರ ನವೆಂಬರ್ 26ರ ರಾತ್ರಿ ಮುಂಬೈಯ ಛತ್ರಪತಿ ಶಿವಾಜಿ ಟರ್ಮಿನಸ್‌ನಲ್ಲಿ ಎಕೆ ರೈಫಲ್ ಹಿಡಿದ ಇಬ್ಬರ ಎದುರು ಕೆಲವು ಪೊಲೀಸರ ಕೈಯಲ್ಲಿ ಲಾಠಿ ಇತ್ತು, ಕೆಲವರ ಕೈಯಲ್ಲಿ ತ್ರೀ ನಾಟ್ ತ್ರೀ. ಪೊಲೀಸರು ಯಾಕೆ ಹೊಡೆಯಲಿಲ್ಲ ಎಂದು ಟಿವಿಯವರು ತಿಂಗಳುಗಟ್ಟಲೆ ಕೇಳಿದರು. ಒಬ್ಬ ಕಾನ್‌ಸ್ಟೆಬಲ್ ಸಹೋದ್ಯೋಗಿಯ ಕೈಯಿಂದ ರೈಫಲ್ ಕಸಿದುಕೊಂಡು ಹೊಡೆದೇ ಹೊಡೆದ, ಗುಂಡು ಮುಗಿದ ಮೇಲೆ ಕೈಗೆ ಸಿಕ್ಕ ಕುರ್ಚಿಯನ್ನು ಎಸೆದ. ಜನ ತುಂಬಿದ ಪ್ಲಾಟ್‌ಫಾರ್ಮಿನಲ್ಲಿ, ಒಂದು ಗುಂಡು ಹಾರಿಸಿ, ಬೋಲ್ಟ್ ಎತ್ತಿ, ಎಳೆದು, ತಳ್ಳಿ, ಒತ್ತಿ, ಮತ್ತೆ ಗುರಿ ಹುಡುಕುವಷ್ಟರಲ್ಲಿ ಎದುರಿನವನು ಎಷ್ಟು ಗುಂಡು ಸುರಿದಿರುತ್ತಾನೆ ಎಂದು ಆ ಪ್ರಶ್ನೆ ಕೇಳಿದವರು ಎಣಿಸಲಿಲ್ಲ.

ಉತ್ತರ ಪ್ರದೇಶದ ಪೊಲೀಸರು ತ್ರೀ ನಾಟ್ ತ್ರೀಗೆ ವಿಧ್ಯುಕ್ತವಾಗಿ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದ ಪೆರೇಡಿನಲ್ಲಿ. ಅದರ ಬದಲಿಗೆ ಅವರ ಕೈಗೆ ಬಂದದ್ದು ಇನ್ಸಾಸ್ ಮತ್ತು ಎಸ್‌ಎಲ್‌ಆರ್. ಅದಕ್ಕೆ ಸುಮಾರು ಒಂದು ವರ್ಷದ ಹಿಂದೆ, 2019ರ ಫೆಬ್ರುವರಿಯಲ್ಲಿ, ಸೇನೆ ಇನ್ಸಾಸ್ ಬದಲಿಸಲು 72,400 ಸಿಗ್ 716 ರೈಫಲ್‌ಗಳಿಗೆ ಒಪ್ಪಂದ ಮಾಡಿಕೊಂಡಿತ್ತು. ಅದೂ ಅರೆ ಸ್ವಯಂಚಾಲಿತ ರೈಫಲ್ಲು, ಹಾರಿಸುವುದು ಅದೇ 7.62ರ ನೇಟೊ ಗುಂಡು.